ಜಾನಪದ ಲೋಕ ಇರೋದು ದಾರಿಹೋಕರಿಗೋ, ಊರಿನೋರಿಗೋ?

ರಾಮನಗರದಿಂದ ಚನ್ನಪಟ್ಟಣಕ್ಕೆ ಹಳೇ ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಓಡಾಡುವ ಮಹಾಶಯರು ಒಂದು ಮಾತಿಗೆ ಉತ್ತರ ಹೇಳಬೇಕು. ಊರು ದಾಟಿ ಮೂರ್ನಾಲ್ಕು ಕಿಲೋಮೀಟರು ಹೋಗುವಷ್ಟರಲ್ಲಿ ಕಂಡಕ್ಟರು "ಜಾನಪದ ಲೋಕ ಯಾರ್ರೀ?" ಎಂದು ಕೂಗಿದರೆ ಸೀಟು ಬಿಟ್ಟು ಏಳುವವರು ಯಾರು? ಹೆಗಲಿಗೆ ಚೀಲ ಹಾಕಿದ ಬೆಂಗಳೂರಿನ ಹುಡುಗರು, ಕ್ಯಾಮೆರಾ ಹಿಡಿದ ಒಬ್ಬಿಬ್ಬರು, ಅಲ್ಲೇ ಕೆಲಸಕ್ಕಿರುವ ನಾಲ್ಕಾರು ಮಂದಿ. ಮಿಕ್ಕವರು ಕಿಟಕಿಯಾಚೆ ಒಂದು ಸಲ ಕಣ್ಣು ಹಾಯಿಸಿ ಮತ್ತೆ ಮೊಬೈಲಿಗೆ ಮುಖ ಕೊಡುತ್ತಾರೆ. "ಒಳಗೆ ಹೋಗಿ ನೋಡಿದ್ದೀರಾ?" ಎಂದರೆ ಬರುವ ಜವಾಬು ಹೆಚ್ಚುಕಮ್ಮಿ ಒಂದೇ: "ಓ, ಸ್ಕೂಲಲ್ಲಿದ್ದಾಗ ಮೇಷ್ಟ್ರು ಕರ್ಕೊಂಡು ಹೋಗಿದ್ರು."

ಸ್ಕೂಲು ಬಿಟ್ಟು ಇಪ್ಪತ್ತು ವರ್ಷ ಆಗಿರುತ್ತೆ. ಅಂಗಡಿ ಇಟ್ಟು, ಮದುವೆಯಾಗಿ, ಮಕ್ಕಳೂ ಸ್ಕೂಲಿಗೆ ಹೋಗುತ್ತಿರುತ್ತಾರೆ. ಆ ಮಕ್ಕಳನ್ನು ಮತ್ತೆ ಅವರ ಮೇಷ್ಟ್ರೇ ಕರೆದುಕೊಂಡು ಹೋಗಬೇಕು. ಬಾಗಿಲ ಮುಂದಿನ ಸಂಗ್ರಹಾಲಯಕ್ಕೂ ಜಿಲ್ಲೆಯ ಜನಕ್ಕೂ ಇರುವ ನಂಟು ತಲೆಮಾರಿಗೊಂದು ಟೂರಿನಷ್ಟೇ ಎಂದಾದರೆ, ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಇದನ್ನು ಕಟ್ಟಿದ ಪುಣ್ಯಾತ್ಮರ ಲೆಕ್ಕ ಹೀಗಿರಲಿಲ್ಲ. ನಾಗಮಂಗಲ ತಾಲ್ಲೂಕು ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಐ.ಎ.ಎಸ್. ಅಧಿಕಾರಿಯಾಗಿದ್ದವರು. ನಿವೃತ್ತಿಯಾದ ಮೇಲೆ ಮನೆ ಜಗಲಿಯಲ್ಲಿ ಪೇಪರ್ ಓದುತ್ತಾ ಪಿಂಚಣಿ ಎಣಿಸಿಕೊಂಡು ಇರಬಹುದಾಗಿತ್ತು. ಹಾಗೆ ಮಾಡದೆ 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಹಳ್ಳಿ ಹಳ್ಳಿ ತಿರುಗಿ ಹಾಡು ಕೇಳಿಸಿಕೊಂಡರು, ಟೇಪಿಗೆ ತುಂಬಿಸಿದರು, ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಸಾಮಾನು ಬೇಡಿ ತಂದರು. 1994ರಲ್ಲಿ ಬೆಂಗಳೂರು-ಮೈಸೂರು ರಸ್ತೆ ಬದಿಯ ಹದಿನೈದು ಎಕರೆಯಲ್ಲಿ ಜಾನಪದ ಲೋಕ ಬಾಗಿಲು ತೆರೆಯಿತು. ಲೋಕಮಹಲು, ಚಿತ್ರಕುಟೀರ, ದೊಡ್ಡಮನೆ, ಶಿಲ್ಪಮಾಳ, ಆಯಗಾರರ ಮಾಳ, ಬಯಲು ರಂಗಮಂದಿರ, ಒಂದೊಂದಕ್ಕೂ ಒಂದೊಂದು ಹೆಸರು. 2005ರಲ್ಲಿ ಗೌಡರು ತೀರಿಕೊಂಡರು. ಲೋಕ ಉಳಿಯಿತು.

ರಸ್ತೆ ಬದಿಯಲ್ಲಿ ಕಟ್ಟಿದ್ದು ಬುದ್ಧಿವಂತಿಕೆಯೇ. ಆಗ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಪ್ರತಿಯೊಬ್ಬನೂ ಇದರ ಮುಂದೆಯೇ ಹಾಯಬೇಕಿತ್ತು. ತಟ್ಟೆ ಇಡ್ಲಿಗೆ ನಿಲ್ಲಿಸಿದವರು, ಜೋಳದ ರೊಟ್ಟಿಗೆ ನಿಲ್ಲಿಸಿದವರು, ಮಕ್ಕಳ ಕಾಟಕ್ಕೆ ನಿಲ್ಲಿಸಿದವರು ಹಾಗೇ ಒಳಗೂ ಒಂದು ಸುತ್ತು ಹಾಕಿ, ಮುಂದೆ ಚನ್ನಪಟ್ಟಣದಲ್ಲಿ ಒಂದು ಬೊಂಬೆ ಕೊಂಡು ಹೋಗುತ್ತಿದ್ದರು. ಊರಿನವರು ಬರದಿದ್ದರೂ ದಾರಿಹೋಕರು ಬರುತ್ತಿದ್ದರು. ಆದ್ದರಿಂದ ಊರಿನವರು ಬರುತ್ತಿಲ್ಲ ಎಂಬ ಕೊರತೆ ಯಾರ ಕಣ್ಣಿಗೂ ಬೀಳಲಿಲ್ಲ.

2023ರ ಮಾರ್ಚಿಯಲ್ಲಿ ಎಕ್ಸ್‌ಪ್ರೆಸ್‌ ಹೆದ್ದಾರಿ ಉದ್ಘಾಟನೆ ಆಯ್ತು. ರಾಮನಗರ, ಚನ್ನಪಟ್ಟಣ ಎರಡನ್ನೂ ಬಿಟ್ಟು ಸುಮಾರು 22 ಕಿ.ಮೀ. ಬೈಪಾಸು. ಕಾರಿನವರು ಒಂದೂವರೆ ಗಂಟೆಯಲ್ಲಿ ಮೈಸೂರು ಸೇರಿದೆವು ಎಂದು ಮೀಸೆ ತಿರುವಿದರು. ಇತ್ತ ಹಳೇ ರಸ್ತೆಯ ಹೋಟೆಲಿನವರು, ಬೊಂಬೆ ಅಂಗಡಿಯವರು, ಎಳನೀರು ಮಾರುವವರು ಕೈ ಮೇಲೆ ಕೈ ಇಟ್ಟು ಕೂತರು. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳು ಹೆದ್ದಾರಿ ಹತ್ತುವಂತಿಲ್ಲ ಎಂದಾಯ್ತು. ಹಾಗಾಗಿ ಹಳೇ ರಸ್ತೆಯಲ್ಲಿ ಉಳಿದವರು ಯಾರು ಅಂದರೆ ಇದೇ ಜಿಲ್ಲೆಯ ಜನ: ಬೈಕಿನವರು, ಆಟೋದವರು, ಬಸ್ಸಿನವರು. ಅಂದರೆ, ಈ ಪತ್ರಿಕೆ ಓದುವವರು.

ಜಾನಪದ ಲೋಕಕ್ಕೆ ಇದು ನಷ್ಟವೂ ಹೌದು, ಒಂದು ಸದವಕಾಶವೂ ಹೌದು. ಇನ್ನು ಮುಂದೆ ಇದರ ಜನ ಯಾರು ಎಂಬುದನ್ನು ರಸ್ತೆಯೇ ತೀರ್ಮಾನ ಮಾಡಿಬಿಟ್ಟಿದೆ. ಪರಿಷತ್ತಿನ ಹಿರಿಯರು ಅದಕ್ಕೆ ರುಜು ಹಾಕುವುದೊಂದು ಬಾಕಿ.

ಹೆಸರಿನ ಗಲಾಟೆ ಬೇರೆ

ಇದು ಬರೀ ಟಿಕೀಟು ಮಾರಾಟದ ವಿಷಯವಲ್ಲ. ಈ ಜಿಲ್ಲೆಯವರು ಯಾರು ಎಂಬ ಪ್ರಶ್ನೆ ಈಗ ಟೀ ಅಂಗಡಿಯಲ್ಲೂ ಕೇಳಿಬರುತ್ತಿದೆ. ಬ್ರಿಟಿಷರು ಬ್ಯಾರಿ ಕ್ಲೋಸ್ ಎಂಬ ಸಾಹೇಬನ ಹೆಸರಲ್ಲಿ ಕ್ಲೋಸ್‌ಪೇಟೆ ಎಂದರು. ಆಮೇಲೆ ರಾಮನಗರ ಆಯ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದ ಊರು, 2007ರಲ್ಲಿ ತಾನೇ ಜಿಲ್ಲೆಯಾಯ್ತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. ಕೇಂದ್ರ ಸ್ಥಳ ರಾಮನಗರವೇ. ಒಬ್ಬರಿಗೆ ಇದು ಸಂತೋಷ, ಸೈಟಿಗೆ ಬೆಲೆ ಬರುತ್ತೆ. ಇನ್ನೊಬ್ಬರಿಗೆ ಸಂಕಟ, ಊರಿನ ಹೆಸರು ಹೋಯ್ತು. ಎರಡೂ ಕಡೆಯವರು ಹೆಸರಿನ ಬಗ್ಗೆಯೇ ಜಗಳ ಆಡುತ್ತಾರೆ ಹೊರತು, ಹೆಸರಿನ ಕೆಳಗೆ ಏನಿದೆ ಎಂದು ನೋಡುವ ಪುರುಸೊತ್ತು ಯಾರಿಗೂ ಇಲ್ಲ. ನೋಡಬೇಕೆಂದರೆ ಇರುವ ಜಾಗ ಅದೊಂದೇ, ಹಳೇ ರಸ್ತೆಯ ಹದಿನೈದು ಎಕರೆ.

ಅಲ್ಲಿ ಏನೂ ನಡೆಯೋದೇ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ವರ್ಷಕ್ಕೊಮ್ಮೆ ಲೋಕೋತ್ಸವ ಇದೆ, ಕಲಾವಿದರಿಗೆ ಪ್ರಶಸ್ತಿ ಇದೆ, ಹುಡುಗ ಹುಡುಗಿಯರಿಗೆ ಕುಣಿತದ ತರಬೇತಿ ಇದೆ, ಜಾನಪದದ ಕೋರ್ಸು ಇದೆ. ತಿಂಗಳ ಅತಿಥಿ ಎಂದು ಕಲಾವಿದರನ್ನು ಕರೆಸಿ ಮಾತಾಡಿಸುವ ಒಳ್ಳೆ ಪದ್ಧತಿಯೂ ಉಂಟು. ದುಡ್ಡಿನ ಅಭಾವದಲ್ಲಿ ಇಷ್ಟು ಮಾಡುವುದೇ ದೊಡ್ಡದು. ಆದರೆ ಇದರಲ್ಲಿ ಬಹುಪಾಲು ವೇದಿಕೆಯ ಕಾರ್ಯಕ್ರಮ. ಮೇಲೆ ಕಲಾವಿದರು, ಕೆಳಗೆ ಕುರ್ಚಿ, ಮೊದಲ ಸಾಲಿನಲ್ಲಿ ಗಣ್ಯರು, ಸ್ವಾಗತ, ವಂದನಾರ್ಪಣೆ, ಹಾರ, ತುರಾಯಿ, ಶಾಲು. ಊರಿನ ಜನಕ್ಕೆ ಅಲ್ಲಿ ಸಿಗುವ ಪಾತ್ರ ಎಂದರೆ ಚಪ್ಪಾಳೆ ತಟ್ಟುವುದು.

ಪಾತ್ರ ಬದಲಾಗಬೇಕು. ಗಾಜಿನ ಪೆಟ್ಟಿಗೆಯೊಳಗಿರುವ ವಸ್ತುವನ್ನು ನಿನ್ನೆ ಮೊನ್ನೆ ತನಕ ಕೈಯಲ್ಲಿ ಹಿಡಿದಿದ್ದವರು, ಅಥವಾ ಹಿಡಿದವರ ಮಕ್ಕಳು, ಇದೇ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರಗಳಲ್ಲಿ ಇದ್ದಾರೆ. ಅವರು ನೋಡುಗರಾಗಿ ಅಲ್ಲ, ಹೇಳುವವರಾಗಿ ಒಳಗೆ ಬರಬೇಕು.

ಲಾಭ, ಎರಡು, ಮೂರು

ಒಂದು ಉದಾಹರಣೆ ನೋಡಿ. ಹಳೆಯ ಅಳತೆಯ ಸಾಮಾನು: ಕೊಳಗ, ಬಳ್ಳ, ಸೇರು, ಪಾವು, ಚಟಾಕು. ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ "ಸೇರು" ಎಂದು ಬರೆಯಬಹುದು. ಮಗು ಅದನ್ನು ಓದಿ, "ಡಬ್ಬ" ಎಂದುಕೊಂಡು ಮುಂದೆ ಹೋಗುತ್ತೆ. ಅದೇ ಜಾಗದಲ್ಲಿ ಪೇಟೆ ಬೀದಿಯ ಒಬ್ಬ ಹಳೇ ದಿನಸಿ ಅಂಗಡಿ ಯಜಮಾನರು ನಿಂತರೆ ಕಥೆಯೇ ಬೇರೆ. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕವನ್ನು ಅವರು ಮಗ್ಗಿ ಹೇಳಿದಂತೆ ಹೇಳುತ್ತಾರೆ. ತಲೆ ಸವರಿ ಅಳೆಯುವುದಕ್ಕೂ ಗೋಪುರ ಏಳುವ ಹಾಗೆ ಅಳೆಯುವುದಕ್ಕೂ ಇರುವ ವ್ಯತ್ಯಾಸ ಎಷ್ಟು, ಆ ವ್ಯತ್ಯಾಸದಲ್ಲಿ ಯಾರ ಮನೆ ಉದ್ಧಾರ ಆಯ್ತು, ಯಾರ ಮನೆ ಮುಳುಗಿತು ಎಂಬುದನ್ನೂ ಹೇಳುತ್ತಾರೆ, ಸ್ವಲ್ಪ ಸಲಿಗೆ ಇದ್ದರೆ.

ರಾಗಿ ಅಳೆಯುವಾಗ ಮೊದಲನೇ ಸೇರಿಗೆ "ಒಂದು" ಎನ್ನುತ್ತಿರಲಿಲ್ಲ, "ಲಾಭ" ಎನ್ನುತ್ತಿದ್ದರು. ಲಾಭ, ಎರಡು, ಮೂರು. ಈಗಲೂ ಹಳ್ಳಿ ಕಡೆ ಕಣದಲ್ಲಿ ಹಾಗೆ ಎಣಿಸುವ ಮುದುಕರಿದ್ದಾರೆ. ಈ ಒಂದು ಮಾತು ಚೀಟಿಯಲ್ಲಿ ಬರೆದರೂ ಬರೀ ಮಾಹಿತಿ. ಅಳೆದ ಕೈಯವರು ಅಳೆದು ತೋರಿಸುತ್ತಾ ಅಂದರೆ, ಕೇಳಿದ ಮಗು ಮನೆಗೆ ಹೋಗಿ ಅಕ್ಕಿ ಡಬ್ಬದಲ್ಲಿ ಲೋಟ ಅದ್ದಿ "ಲಾಭ" ಎನ್ನದೆ ಇರುವುದಿಲ್ಲ. 1956ರ ಕಾಯಿದೆ ಬಂದು, ಅರವತ್ತರ ದಶಕದಲ್ಲಿ ಕೆ.ಜಿ., ಲೀಟರು ಪೇಟೆಯನ್ನು ಹಿಡಿದ ಮೇಲೆ ಸೇರು ಮೂಲೆ ಸೇರಿತು. ಸೇರಿನಿಂದ ಕೆ.ಜಿ.ಗೆ ಬದಲಾದ ವರ್ಷಗಳಲ್ಲಿ ಗಲ್ಲಾಪೆಟ್ಟಿಗೆ ಮೇಲೆ ಕೂತಿದ್ದವರಿಗೆ ಈಗ ಎಂಬತ್ತು, ಎಂಬತ್ತೈದು. ಇನ್ನು ಎಷ್ಟು ವರ್ಷ ಕಾಯಬೇಕು?

ಇದೇ ಕಾರ್ಯಕ್ರಮ ಅಂಗಡಿಯವರಿಗೂ ಬೇಕಾದದ್ದು. ಆನ್‌ಲೈನಿನಲ್ಲಿ ಬಟನ್ ಒತ್ತಿದರೆ ಮನೆ ಬಾಗಿಲಿಗೆ ಬೇಳೆ ಬರುವ ಕಾಲದಲ್ಲಿ, ಮೂರು ತಲೆಮಾರಿನ ದಿನಸಿ ಅಂಗಡಿಗೆ ಉಳಿದಿರುವ ಬಂಡವಾಳವೇ ಈ ಕಥೆ. ಅದನ್ನು ಹೇಳಲು ಒಂದು ಜಾಗ ಕೊಡಿ ಎಂದರೆ ಯಾವ ಯಜಮಾನರೂ ಬೇಡ ಎನ್ನುವುದಿಲ್ಲ. ಅಂಗಡಿ ಬಾಗಿಲು ಹಾಕಿಸಿ ಕರೆದರೆ ಮಾತ್ರ ಬರುವುದಿಲ್ಲ, ಆ ವಿಚಾರ ಮುಂದೆ.

ತಮಟೆ ಯಾರದು?

ಎಲ್ಲಾ ಕಥೆಯೂ ಸೇರಿನ ಕಥೆಯಷ್ಟು ಸಿಹಿಯಲ್ಲ. ಆಯಗಾರರ ಮಾಳ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಆಯಗಾರರು ಎಂದರೆ ಊರಿಗೆ ಕೆಲಸ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣದಿಂದ ಆಯ ಪಡೆಯುತ್ತಿದ್ದವರು: ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ. ಕಮ್ಮಾರನ ತಿದಿ, ಕುಂಬಾರನ ತಿಗರಿ ನೋಡಲು ಚೆನ್ನ. ಫೋಟೋಗೂ ಚೆನ್ನ. ಆದರೆ ಆಯಕ್ಕೆ ಕೈ ಒಡ್ಡಿದವನು ಕಣದ ಯಾವ ಮೂಲೆಯಲ್ಲಿ ನಿಲ್ಲಬೇಕಿತ್ತು, ಅವನ ಮಡಿಲಿಗೆ ರಾಗಿಯನ್ನು ಎಷ್ಟು ಎತ್ತರದಿಂದ ಸುರಿಯುತ್ತಿದ್ದರು ಎಂಬುದನ್ನು ಯಾವ ಉಪಕರಣವೂ ಹೇಳಲಾರದು. ಅದು ಗೊತ್ತಿರುವುದು ನಿಂತವರ ಮನೆಯವರಿಗೆ.

ತಮಟೆ ಇನ್ನೂ ಕಷ್ಟದ ವಿಷಯ. ಊರಬ್ಬದ ದಿನ ತಮಟೆ ಇಲ್ಲದೆ ದೇವರು ಹೊರಡುವುದಿಲ್ಲ. ಸಾವಾದರೂ ತಮಟೆ, ಸಾರುವುದಕ್ಕೂ ತಮಟೆ. ಆದರೆ ಬಾರಿಸಿದವರನ್ನು ಗುಡಿ ಹೊರಗೇ ನಿಲ್ಲಿಸಿದ ಊರುಗಳು ಎಷ್ಟಿಲ್ಲ? ಹಾಗಾಗಿ ಹೊಸ ಹುಡುಗರು ಎರಡು ಪಾಲಾಗಿದ್ದಾರೆ. "ನಮ್ಮಪ್ಪ ಬಾರಿಸಿದ್ದು ಸಾಕು, ನಾವು ಮುಟ್ಟೋದಿಲ್ಲ" ಎನ್ನುವವರು ಒಂದು ಕಡೆ. ಅದೇ ತಮಟೆಯನ್ನು ವೇದಿಕೆ ಮೇಲೆ ಎದೆ ಎತ್ತಿ ಬಾರಿಸಿ "ಇದು ನಮ್ಮದು" ಎನ್ನುವವರು ಇನ್ನೊಂದು ಕಡೆ. ಚಿಕ್ಕಬಳ್ಳಾಪುರ ಜಿಲ್ಲೆ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ತಮಟೆಗೇ. ರಾಷ್ಟ್ರಪತಿ ಭವನದ ತನಕ ಹೋದ ವಾದ್ಯ ಅದು.

ಈ ಇಬ್ಬರಲ್ಲಿ ಸರಿ ಯಾರು ಎಂದು ತೀರ್ಪು ಕೊಡುವುದು ಸಂಗ್ರಹಾಲಯದ ಕೆಲಸವಲ್ಲ. ಇಬ್ಬರನ್ನೂ ಕೂರಿಸಿ ಮಾತಾಡಿಸುವುದು ಅದರ ಕೆಲಸ. ಒಂದು ಭಾನುವಾರ ತಮಟೆಯನ್ನು ನಡುವೆ ಇಟ್ಟು, ಬಾರಿಸುವವರು, ಬಾರಿಸುವುದು ಬಿಟ್ಟವರು ಇಬ್ಬರೂ ಮಾತಾಡಲಿ, ಊರಿನ ಮಿಕ್ಕವರು ಬಾಯಿ ಮುಚ್ಚಿಕೊಂಡು ಕೇಳಲಿ. ಪರಂಪರೆ ಎಂದರೆ ಹೆಮ್ಮೆ ಪಡುವ ಸಾಮಾನು ಮಾತ್ರ ಎಂದುಕೊಂಡಿರುವ ದೊಡ್ಡವರಿಗೆ ಸ್ವಲ್ಪ ಇರುಸುಮುರುಸು ಆಗಬಹುದು. ಆಗಲಿ. ಹಾರ ತುರಾಯಿಯ ನೂರು ಸಮಾರಂಭಕ್ಕಿಂತ ಅಂಥ ಒಂದು ಮಧ್ಯಾಹ್ನ ಮೇಲು.

ತೊಗಲು ಗೊಂಬೆಯದೂ ಇಂಥದೇ ಸಂಗತಿ. ಗೋಡೆಗೆ ಅಂಟಿಸಿ ಹಿಂದೆ ದೀಪ ಇಟ್ಟರೆ ಬಣ್ಣ ಬಣ್ಣದ ರಾವಣ ಕಾಣುತ್ತಾನೆ, ನಿಜ. ಆದರೆ ಗೊಂಬೆ ಮಾಡಿದ್ದು ನೇತುಹಾಕಲಿಕ್ಕಲ್ಲ, ಕುಣಿಸಲಿಕ್ಕೆ. ಪರದೆಯ ಹಿಂದೆ ಗಂಡ ಹೆಂಡಿರು, ಮಕ್ಕಳು ಸೇರಿ ಬೆಳಗಿನ ಜಾವದವರೆಗೂ ಹಾಡಿ ಕುಣಿಸುತ್ತಿದ್ದ ಕಿಳ್ಳೇಕ್ಯಾತರ ಮನೆತನಗಳಲ್ಲಿ ಈಗ ಆ ಕೆಲಸ ಹಿಡಿದವರು ಬೆರಳೆಣಿಕೆ. ಕೊಪ್ಪಳ ಕಡೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಕಟವಾದಾಗ ಆ ತಾಯಿಗೆ ವಯಸ್ಸು 96. ಇಷ್ಟು ವರ್ಷ ದೇಶಕ್ಕೆ ಕಣ್ಣು ಕಾಣಲಿಲ್ಲವೇ ಎಂದು ಕೇಳುವುದು ಬೇಡ, ಕಂಡಿತಲ್ಲ ಸಾಕು. ಗೊಂಬೆ ಸಂಗ್ರಹಾಲಯದಲ್ಲಿ ನೂರು ವರ್ಷ ಇರುತ್ತೆ. ಕುಣಿಸುವ ಬೆರಳು ಇರುವುದಿಲ್ಲ. ಆದ್ದರಿಂದ ಗೊಂಬೆ ಇಡುವ ಕಪಾಟಿಗೆ ಖರ್ಚು ಮಾಡುವ ಪ್ರತಿ ರೂಪಾಯಿಗೆ, ಕುಣಿಸುವವರ ಬಸ್ ಚಾರ್ಜು, ಊಟ, ಸಂಭಾವನೆಗೆ ಇನ್ನೊಂದು ರೂಪಾಯಿ ತೆಗೆದಿಡಬೇಕು.

ಇಲ್ಲೇ ಒಂದು ಮಾತು. ಜನಪದ ಕಲಾವಿದರನ್ನು ಕರೆಸುವಾಗ ನಮ್ಮ ಸಂಘ ಸಂಸ್ಥೆಗಳಿಗೆ ಒಂದು ಚಾಳಿ ಇದೆ. ಅತಿಥಿಗೆ ಕಾರು, ಭಾಷಣಕಾರರಿಗೆ ಕವರು, ಕಲಾವಿದರಿಗೆ ಪ್ರಮಾಣಪತ್ರ. ಮೆರವಣಿಗೆಯ ಮುಂದೆ ಬಿಸಿಲಲ್ಲಿ ಎರಡು ಮೈಲಿ ಕುಣಿಸಿ, ಆಮೇಲೆ "ಊಟ ಆಯ್ತೇನ್ರಪ್ಪಾ?" ಎಂದು ಕೇಳಿದರೆ ಮುಗಿಯಿತು ಮರ್ಯಾದೆ. ಯಾವ ಸಂಸ್ಥೆ ಎಂದು ಹೆಸರು ಹೇಳಬೇಕಾಗಿಲ್ಲ, ಪೂಜಾ ಕುಣಿತ, ಪಟ ಕುಣಿತದ ಯಾವ ತಂಡವನ್ನು ಕೇಳಿದರೂ ಪಟ್ಟಿ ಸಿಗುತ್ತೆ.

ಬೊಂಬೆ, ರೇಷ್ಮೆ ಹೊರಗೇ ಇರಬೇಕೇ?

ಜನಪದ ಎಂದ ಕೂಡಲೇ ಬೀಸುವ ಕಲ್ಲು, ಎತ್ತಿನ ಗಾಡಿ ಎಂದುಕೊಳ್ಳುವುದೂ ಒಂದು ರೂಢಿ. ಈ ಜಿಲ್ಲೆಯ ನಿಜವಾದ ಗುರುತು ಇನ್ನೂ ಬದುಕಿದೆ, ಬಾಡಿಗೆ ಕಟ್ಟುತ್ತಿದೆ, ಬ್ಯಾಂಕಿನ ಸಾಲ ತೀರಿಸುತ್ತಿದೆ. ಚನ್ನಪಟ್ಟಣದ ಹಾಲೆಮರದ ಬೊಂಬೆ ನೋಡಿ. ತಿರುಗಣಿಯಲ್ಲಿ ಮರ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುವ ಕೆಲಸ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಬಂತು ಎಂದು ಊರಿನವರು ಹೇಳುತ್ತಾರೆ. ಬಾವಾಸ್ ಮಿಯಾನ್ ಎಂಬ ಹಿರಿಯರು ಅದಕ್ಕೆ ಹೊಸ ತಂತ್ರ ತಂದರು. 2005-06ರಲ್ಲಿ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿತು. ಪಟ್ಟ ಸಿಕ್ಕರೆ ಹೊಟ್ಟೆ ತುಂಬುತ್ತೆಯೇ? ಪ್ಲಾಸ್ಟಿಕ್ ಬೊಂಬೆ ಒಂದು ಕಡೆ ಹೊಡೆಯಿತು, ಬೈಪಾಸು ಇನ್ನೊಂದು ಕಡೆ ಹೊಡೆಯಿತು.

ರೇಷ್ಮೆಗೂಡಿನ ಮಾರುಕಟ್ಟೆಗೆ ರಾಮನಗರ ದೇಶಕ್ಕೇ ಹೆಸರುವಾಸಿ. ಒಕ್ಕಲಿಗರ ಮನೆಯಲ್ಲಿ ಹುಳು ಮೇಯುತ್ತೆ, ಮೇದರು ಹೆಣೆದ ಚಂದ್ರಂಕಿ ಮೇಲೆ ಗೂಡು ಕಟ್ಟುತ್ತೆ, ಪೇಟೆಯ ಸಾಬರ ಮನೆಯಲ್ಲಿ ನೂಲಾಗುತ್ತೆ. ಒಂದು ಎಳೆಯಲ್ಲಿ ಮೂರು ಜಾತಿ ಜನರ ಬೆವರು. ಇದಕ್ಕಿಂತ ಒಳ್ಳೇ ಜನಪದ ಬೇಕೇ? ಬಿದಿರಿನ ಚಂದ್ರಂಕಿ ಜಾಗಕ್ಕೆ ಪ್ಲಾಸ್ಟಿಕ್ಕು ಬಂದಾಗ ಮೇದರ ಕೇರಿಗೆ ಏನಾಯ್ತು, ಚರಕದ ಜಾಗಕ್ಕೆ ಯಂತ್ರ ಬಂದಾಗ ಬಿಸಿನೀರಿನ ಬಾನಿಯಲ್ಲಿ ಕೈ ಅದ್ದಿ ಎಳೆ ಹುಡುಕುತ್ತಿದ್ದ ಹೆಣ್ಣುಮಕ್ಕಳು ಎಲ್ಲಿ ಹೋದರು, ಇದನ್ನೆಲ್ಲಾ ಹೇಳುವ ಜಾಗ ಯಾವುದು? ಮಾರ್ಕೆಟ್ಟಿನಲ್ಲಿ ಹರಾಜು ಕೂಗುವ ಹೊತ್ತಿನಲ್ಲಿ ಹೇಳಲಾಗುವುದಿಲ್ಲ. ತಿಂಗಳಿಗೊಂದು ದಿನ ಲೋಕದ ಮರದ ನೆರಳಲ್ಲಿ ಒಂದು ತಿರುಗಣಿ, ಒಂದು ಚರಕ ಹೂಡಿದರೆ, ರೈತ, ಮೇದ, ರೀಲರು ಮೂವರೂ ಮಕ್ಕಳ ಮುಂದೆ ಕೂತರೆ, ಊರಿನ ಹೆಸರು ಏನಾದರೂ ಇರಲಿ, ಊರು ಯಾವುದು ಎಂದು ಮಕ್ಕಳಿಗೆ ತಿಳಿಯುತ್ತೆ. ಈಚೆಗೆ ಜಾತಿ ಧರ್ಮ ಹಿಡಿದು ಇವರು ನಮ್ಮವರು, ಅವರು ಹೊರಗಿನವರು ಎಂದು ಬಿರುಬಿರನೆ ಪಟ್ಟಿ ಮಾಡುವವರು ಹೆಚ್ಚಾಗಿದ್ದಾರೆ. ಅವರನ್ನೂ ಒಂದು ದಿನ ಬಾನಿ ಪಕ್ಕ ಕೂರಿಸಿದರೆ ತಪ್ಪೇನಿಲ್ಲ.

ಟೇಪಿನೊಳಗಿನ ಅಜ್ಜಿಯರು

ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣುವ ವಸ್ತುವಲ್ಲ. ಪರಿಷತ್ತಿನ ಹತ್ತಿರ ಹಳೇ ಧ್ವನಿಮುದ್ರಣಗಳಿವೆ, ವಿಡಿಯೋಗಳಿವೆ. ಬೀಸುವ ಪದ, ಸೋಬಾನೆ, ನೀಲಗಾರರ ಕಾವ್ಯ, ಸೂಲಗಿತ್ತಿಯರ ಮಾತು ಎಂದು ನಾಗೇಗೌಡರೂ ಅವರ ಜೊತೆಯವರೂ ಕೂಡಿಹಾಕಿದ ನಿಧಿ ಅದು. ಹಾಡಿದ ಹೆಂಗಸರಲ್ಲಿ ಬಹಳ ಮಂದಿ ಈಗ ಇಲ್ಲ. ಅವರ ಮೊಮ್ಮಕ್ಕಳು ಬಿಡದಿಯ ಫ್ಯಾಕ್ಟರಿಗೆ ಬಸ್ಸು ಹತ್ತುತ್ತಿರಬಹುದು, ಚನ್ನಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟಿರಬಹುದು. ಅಜ್ಜಿಯ ದನಿ ಒಂದು ಟೇಪಿನಲ್ಲಿ ಇದೆ ಎಂಬುದೇ ಅವರಿಗೆ ಗೊತ್ತಿರಲಾರದು.

ಆ ದನಿಗಳು ಊರಿಗೆ ವಾಪಸ್ಸು ಹೋಗಬೇಕು. ಟೇಪಿನ ಡಬ್ಬದ ಮೇಲೆ ಬರೆದಿರುವ ಊರಿನ ಹೆಸರು ನೋಡಿ, ಹಬ್ಬದ ಮಾರನೇ ದಿನ ಅರಳಿಕಟ್ಟೆಗೆ ಒಂದು ಸ್ಪೀಕರು ಒಯ್ದು ಅರ್ಧ ಗಂಟೆ ಕೇಳಿಸಿದರೆ ಸಾಕು. ಕೇಳಿದವರಲ್ಲಿ ಯಾರಾದರೂ ಒಬ್ಬರು "ಈ ಪದ ಹೀಗಲ್ಲ, ನಮ್ಮವ್ವ ಇನ್ನೊಂದು ಸಾಲು ಹೇಳೋಳು" ಎಂದೇ ಅನ್ನುತ್ತಾರೆ. ಅದನ್ನು ಅಲ್ಲೇ ಮತ್ತೆ ದಾಖಲು ಮಾಡಿಕೊಳ್ಳಬೇಕು. ಇದಕ್ಕೆ ಭವನ ಬೇಕಿಲ್ಲ, ಟೆಂಡರು ಬೇಕಿಲ್ಲ. ಒಂದು ವ್ಯಾನು, ಇಬ್ಬರು ಹುಡುಗರು, ಡೀಸೆಲ್ಲಿಗೆ ದುಡ್ಡು. ಹೆಸರು ಬದಲಾಯಿಸಿದ ಜಿಲ್ಲೆಯಲ್ಲಿ ಫಲಕ ಬರೆಸುವುದಕ್ಕೆ ಆಗುವ ಖರ್ಚಿನ ಮೂಲೆಯಲ್ಲಿ ಇದು ಹೊಂದಿಬಿಡುತ್ತೆ.

ಬೇರೆ ಕಡೆಯೂ ದೊಡ್ಡ ಸಂಗ್ರಹಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮಿ ವಿಲಾಸ ಎಂಬ ಅರಮನೆಯಲ್ಲೇ ಜಾನಪದ ವಸ್ತುಸಂಗ್ರಹಾಲಯ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳುತ್ತಿದ್ದ ಹಳೇ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ಒಂದು ವಿಶ್ವವಿದ್ಯಾಲಯದ ಅಂಗಳ, ಇನ್ನೊಂದು ಕಾಲೇಜು ಪಟ್ಟಣ. ಎರಡು ಪೇಟೆಗಳ ನಡುವೆ, ಬಸ್ಸು ಓಡಾಡುವ ರಸ್ತೆಗೆ ಹೊಂದಿಕೊಂಡಿರುವ ಭಾಗ್ಯ ಮಾತ್ರ ಜಾನಪದ ಲೋಕದ್ದು.

ಈಗ ಹೊತ್ತಿನ ವಿಚಾರ. ಸಂಗ್ರಹಾಲಯ ತೆರೆದಿರುವ ಹೊತ್ತಿನಲ್ಲಿ ಅಂಗಡಿಯೂ ತೆರೆದಿರುತ್ತೆ, ಆಫೀಸೂ ಫ್ಯಾಕ್ಟರಿಯೂ ತೆರೆದಿರುತ್ತೆ. ಸಂಜೆ ಇವೆಲ್ಲಾ ಬಾಗಿಲು ಹಾಕುವಷ್ಟರಲ್ಲಿ ಲೋಕದ ಗೇಟಿಗೂ ಬೀಗ. ಹಾಗಾದರೆ ದುಡಿಯುವ ಮನುಷ್ಯ ನೋಡುವುದು ಯಾವಾಗ? ತಿಂಗಳಿಗೆ ಎರಡು ದಿನವಾದರೂ, ಪೇಟೆಯ ವಾರದ ರಜೆ ನೋಡಿಕೊಂಡು, ರಾತ್ರಿ ಎಂಟೂವರೆವರೆಗೆ ತೆರೆದಿಡಬೇಕು. ಬಯಲು ರಂಗಮಂದಿರ ಇರುವುದು ಆಕಾಶದ ಕೆಳಗೆ, ಅದಕ್ಕೆ ಹಗಲಿನ ಹಂಗಿಲ್ಲ. ಜಿಲ್ಲೆಯವರಿಗೆ ಆ ದಿನ ಟಿಕೀಟು ಬೇಡ, ಅಥವಾ ಬಸ್ ಪಾಸು ತೋರಿಸಿದರೆ ಸಾಕು ಎನ್ನಲಿ. ಟಿಕೀಟಿನ ದುಡ್ಡು ಹೋಯಿತೆಂದು ಲೆಕ್ಕಪತ್ರದವರು ಮುಖ ಹುಳ್ಳಗೆ ಮಾಡುತ್ತಾರೆ. ಬರದೇ ಇರುವವನ ಟಿಕೀಟಿನ ದುಡ್ಡು ಈಗಲೂ ಬರುತ್ತಿಲ್ಲವಲ್ಲ ಸ್ವಾಮಿ!

ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇದು ಸರ್ಕಾರದ ಇಲಾಖೆಯಲ್ಲ, ಪರಿಷತ್ತು ನಡೆಸುವ ಸಂಸ್ಥೆ. ಉತ್ಸವಕ್ಕೆ ಕೇಳಿದರೆ ಕೊಡುವವರು ಸಿಗುತ್ತಾರೆ, ಫ್ಲೆಕ್ಸಿನಲ್ಲಿ ಮುಖ ಬರುತ್ತೆ. ತಿಂಗಳು ತಿಂಗಳು ನಡೆಯುವ ಸಣ್ಣ ಕೆಲಸಕ್ಕೆ ಕೊಡುವವರು ಕಡಿಮೆ. ಆದರೆ ಹಳೇ ರಸ್ತೆಯ ವರ್ತಕರಿಗೆ ಇದರಲ್ಲಿ ಸ್ವಂತ ಲಾಭವಿದೆ. ಕಾರು ಮತ್ತೆ ಹಳೇ ರಸ್ತೆಗೆ ತಿರುಗಬೇಕಾದರೆ ತಿರುಗಲು ಒಂದು ಕಾರಣ ಬೇಕು. ಊರಿನ ಜನವೇ ತುಂಬಿರುವ ಜಾಗಕ್ಕೆ ಹೊರಗಿನವರು ತಾವಾಗಿ ಬರುತ್ತಾರೆ, ಖಾಲಿ ಜಾಗಕ್ಕೆ ಬೋರ್ಡು ಹಾಕಿದರೂ ಬರುವುದಿಲ್ಲ. ಹೋಟೆಲಿನವರು, ಬೊಂಬೆಯವರು, ರೇಷ್ಮೆಯವರು ಸೇರಿ ತಿಂಗಳಿಗೆ ಒಂದು ಸಂಜೆಯ ಖರ್ಚು ಹೊತ್ತರೆ ಯಾರಿಗೂ ಭಾರವಾಗದು. ಬದಲಿಗೆ ಅಂದು ಒಳಗೆ ಅವರಿಗೊಂದು ಮಳಿಗೆ ಜಾಗ ಕೊಡಲಿ. ಸಂತೆ ಇಲ್ಲದ ಜನಪದ ಎಲ್ಲುಂಟು?

ಕೆ.ಎಸ್.ಆರ್.ಟಿ.ಸಿ.ಯವರಿಗೆ ಒಂದು ಅರಿಕೆ ಬಾಕಿ ಇದೆ. ಸಂಜೆ ಕಾರ್ಯಕ್ರಮ ಇಟ್ಟ ದಿನ, ಮುಗಿಯುವ ಹೊತ್ತಿಗೆ ಎರಡೂ ಕಡೆಗೆ ಒಂದೊಂದು ಬಸ್ಸು ಅಲ್ಲಿ ನಿಲ್ಲುವ ಏರ್ಪಾಡು ಮಾಡಬೇಕು. ಮಕ್ಕಳು, ಮುದುಕರನ್ನು ಕರೆದುಕೊಂಡು ಬಂದವರು ಕತ್ತಲಲ್ಲಿ ರಸ್ತೆ ಬದಿ ಕೈ ಅಡ್ಡ ಹಿಡಿದು ನಿಲ್ಲುವಂತಾದರೆ, ಮುಂದಿನ ತ್ಲಿಂಗಳು ಅವರು ಬರುವುದಿಲ್ಲ. ಸ್ಟಾಪಿನಲ್ಲಿ ಒಂದು ಒಳ್ಳೆ ದೀಪವೂ ಇರಲಿ. ಇಷ್ಟಕ್ಕೆ ಸಚಿವ ಸಂಪುಟದ ತೀರ್ಮಾನ ಬೇಕಿಲ್ಲ, ಡಿಪೋ ಮ್ಯಾನೇಜರ ಒಂದು ರುಜು ಸಾಕು.